ಶನಿವಾರದ ತರಕಾರಿ ಬುಟ್ಟಿ: ಬಂದದ್ದರಲ್ಲೇ ವಾರ ಕಳೆಯುವುದು ಹೇಗೆ?

ವಿದ್ಯಾನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಕಾಸರಗೋಡು ವಿದ್ಯಾನಗರದಲ್ಲಿ ಫ್ಲ್ಯಾಟಿನಲ್ಲಿದ್ದೇವೆ. ಮೇ ತಿಂಗಳಿನಿಂದ ನಮ್ಮ ಕಟ್ಟಡದ ಹನ್ನೊಂದು ಮನೆಯವರು ಸೇರಿ ನೀರ್ಚಾಲು ಕಡೆಯ ಒಬ್ಬ ಕೃಷಿಕರಿಗೆ ತಿಂಗಳ ಹಣ ಮುಂಗಡ ಕೊಡ್ತಾ ಇದ್ದೇವೆ. ಅವರು ಹಿತ್ತಿಲಲ್ಲಿ ಆದದ್ದನ್ನು ಪಾಲು ಮಾಡಿ ಪ್ರತಿ ಶನಿವಾರ ಮನೆಗೊಂದು ಬುಟ್ಟಿ ತಲುಪಿಸ್ತಾರೆ. ಇಂಥದ್ದೇ ಬೇಕು ಎಂದು ಕೇಳುವ ಹಾಗಿಲ್ಲ. ಒಪ್ಪಿಯೇ ಸೇರಿದ್ದು.

ಇವತ್ತಿನ ಬುಟ್ಟಿ: ಬಣ್ಣದ ಸೌತೆ ಎರಡು (ಸಾಂಬಾರಿಗೆ ಹಾಕುವ ಸೌತೆ, ಒಂದೊಂದೂ ಕಿಲೊ ಮೇಲೆ ಉಂಟು), ಬಸಳೆ ದೊಡ್ಡ ಕಟ್ಟು, ಕೆಂಪು ಹರಿವೆ, ಕೆಸುವಿನ ಎಲೆ ಇಪ್ಪತ್ತರಷ್ಟು, ಅರ್ಧ ಚೀನಿಕಾಯಿ (ಸಿಹಿಗುಂಬಳ), ಒಂದು ಕಣಿಲೆ (ಎಳೆ ಬಿದಿರು), ಹತ್ತು ಅಂಬಟೆ (ಅಮಟೆಕಾಯಿ), ಒಂದು ಮುಷ್ಟಿ ಅಲಸಂಡೆ. ಟೊಮೆಟೊ ಇಲ್ಲ, ಬೀನ್ಸ್ ಇಲ್ಲ, ಕ್ಯಾರೆಟ್ ಇಲ್ಲ.

ನಾನು ಇಷ್ಟು ವರ್ಷ ಮಾಡಿದ್ದು ಬೇರೆ ಕ್ರಮ. ಸೋಮವಾರ ಇಂಥ ಅಡುಗೆ, ಮಂಗಳವಾರ ಇಂಥದ್ದು ಎಂದು ಬರೆದಿಟ್ಟು ಆಮೇಲೆ ಮಾರ್ಕೆಟಿಗೆ ಹೋಗ್ತಿದ್ದೆ. ಈಗ ತರಕಾರಿ ಮೊದಲು ಬರ್ತದೆ, ಅಡುಗೆ ಆಮೇಲೆ ಹುಡುಕಬೇಕು. ಹೋದ ವಾರ ಅರ್ಧ ಕಟ್ಟು ಹರಿವೆ ಕೊಳೆತು ಬಿಸಾಡಿದೆ. ಸುರಿಯುವ ಮಳೆಯಲ್ಲಿ ಆ ಅಣ್ಣ ಬುಟ್ಟಿ ಇಳಿಸುವುದನ್ನು ಕಂಡವಳು ನಾನು, ತುಂಬ ಬೇಜಾರಾಯಿತು. ಅದೇ ವಾರ ಕೆಸುವಿನ ಎಲೆಯ ಪತ್ರೊಡೆ ಮಾಡಿ ಎಲ್ಲರ ಗಂಟಲೂ ತುರಿಸಿತು, ಸಣ್ಣವ ಅತ್ತೇಬಿಟ್ಟ. ಬುಟ್ಟಿ ನೋಡಿದ ಕೂಡಲೇ ಎಂತ ಮಾಡುವುದು ಎಂದು ನೀವೆಲ್ಲ ಹೇಗೆ ತೀರ್ಮಾನಿಸ್ತೀರಿ? ದಯವಿಟ್ಟು ಹೇಳಿಕೊಡಿ.

ಪೆರ್ಲದ ಅತ್ತೆ

ಮಗಳೇ, ಮೊದಲು ಪತ್ರೊಡೆ. ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರ್ತವೆ, ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಅದರ ಹೆಸರು. ನಾಲಿಗೆ, ಗಂಟಲು ತುರಿಸುವುದು ಅದರಿಂದ. ಹುಳಿ ಧಾರಾಳ ಬೀಳಬೇಕು, ಹಬೆಯಲ್ಲಿ ಸಾವಕಾಶ ಬೇಯಬೇಕು, ಇವೆರಡೇ ಮದ್ದು. ಎರಡು ಕುಡ್ತೆ (ಅಳತೆಯ ಪಾತ್ರೆ) ಬೆಳ್ತಿಗೆ (ಬಿಳಿ) ಅಕ್ಕಿಗೆ ನಾನು ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆಹುಳಿ ಹಾಕ್ತೇನೆ. ನೀನು ಬಹುಶಃ ಮಕ್ಕಳಿಗೆ ಹುಳಿಯಾದೀತು ಎಂದು ಕಡಿಮೆ ಮಾಡಿರಬೇಕು. ಹುಳಿ ಕಡಿಮೆ ಮಾಡಬೇಡ, ಬೆಲ್ಲ ಹೆಚ್ಚು ಮಾಡು.

ನಮ್ಮಲ್ಲಿ ಎಲೆ ಸುತ್ತುವುದಿಲ್ಲ, ಕೊಚ್ಚುವುದು. ಕೈಗೆ ತೆಂಗಿನೆಣ್ಣೆ ಹಚ್ಚಿಕೋ. ಎಲೆಯ ಬೆನ್ನಿನ ದಪ್ಪ ನಾರು ತೆಗೆ, ಐದಾರು ಎಲೆ ಒಟ್ಟಿಗೆ ಸುರುಳಿ ಮಾಡಿ ಹೊಗೆಸೊಪ್ಪಿನ ಹಾಗೆ ಸಪೂರಕ್ಕೆ ಹೆಚ್ಚು. ನೆನೆಸಿದ ಅಕ್ಕಿ, ಒಣಮೆಣಸು, ಕೊತ್ತಂಬರಿ, ಜೀರಿಗೆ, ಅರಸಿನ, ಹುಳಿ, ಬೆಲ್ಲ, ಉಪ್ಪು ಸೇರಿಸಿ ಇಡ್ಲಿ ಹಿಟ್ಟಿಗಿಂತ ಗಟ್ಟಿ ಅರೆದು ಸೊಪ್ಪು ಕಲಸು. ಹಿಟ್ಟು ಸೊಪ್ಪಿಗೆ ಅಂಟುವಷ್ಟು ಇದ್ದರೆ ಸಾಕು. ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿ ಅಟ್ಟಿನಳಗೆಯಲ್ಲಿ (ಹಬೆ ಪಾತ್ರೆಯಲ್ಲಿ) ಒಂದು ಗಂಟೆ ಬೇಯಿಸು. ಇಡ್ಲಿಯ ಹಾಗೆ ಹದಿನೈದು ನಿಮಿಷಕ್ಕೆ ಇಳಿಸಿದರೆ ತುರಿಸದೆ ಬಿಡುವುದಿಲ್ಲ. ಮರುದಿನ ಪುಡಿ ಮಾಡಿ, ಸಾಸಿವೆ ಒಗ್ಗರಣೆಗೆ ಹಾಕಿ, ತೆಂಗಿನ ತುರಿ ಮತ್ತು ಬೆಲ್ಲ ಬೆರೆಸಿದರೆ ಮೊದಲ ದಿನಕ್ಕಿಂತ ಅದೇ ರುಚಿ.

ಇನ್ನು ನಿನ್ನ ದೊಡ್ಡ ಪ್ರಶ್ನೆ. ನೀನು ಅಡುಗೆಯ ಹೆಸರನ್ನು ತರಕಾರಿಯಿಂದ ಶುರುಮಾಡ್ತಾ ಇದ್ದೀಯ. ನಮ್ಮ ಊರಿನ ಅಡುಗೆಗೆ ಹೆಸರು ಬಂದದ್ದು ಮಾಡುವ ಕ್ರಮದಿಂದ. ಮೇಲಾರ ಎಂದರೆ ಎಂತ? ಬೆಂದ ತರಕಾರಿ, ಹಸಿಮೆಣಸು ಹಾಕಿ ಅರೆದ ಕಾಯಿ, ಹುಳಿಮಜ್ಜಿಗೆ. ಅದು ಸೌತೆಯದ್ದೂ ಆಗ್ತದೆ, ಬಸಳೆಯದ್ದೂ ಆಗ್ತದೆ, ಬಾಳೆದಿಂಡಿನದ್ದೂ ಆಗ್ತದೆ. ಸಾಸ್ಮೆ ಎಂದರೆ ಹಸಿ ಸಾಸಿವೆ ಮತ್ತು ಕಾಯಿ ಅರೆದು ಮೊಸರು ಸೇರಿಸಿದ್ದು, ಕಾಟುಮಾವಿನ ಹಣ್ಣು ಇದ್ದರೆ ಅದು, ಇಲ್ಲದಿದ್ದರೆ ಅಂಬಟೆ. ಬೋಳುಹುಳಿಗೆ ಕಾಯಿಯೇ ಬೇಡ. ಕೊದಿಲಿಗೆ ಹುರಿದ ಮಸಾಲೆ. ತಂಬುಳಿಗೆ ಒಂದು ಹಿಡಿ ಚಿಗುರು ಸಾಕು. ಪಲ್ಯಕ್ಕೆ ಯಾವುದೂ ಆಗಬಹುದು. ಈ ಆರು ಕೈಯಲ್ಲಿದ್ದರೆ ಬುಟ್ಟಿಯಲ್ಲಿ ಏನು ಬಂದರೂ ಅಡುಗೆ ನಿಲ್ಲುವುದಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹಿತ್ತಿಲಲ್ಲಿ ನಿಂತು ಏನಿಲ್ಲ ಎಂದು ಲೆಕ್ಕ ಹಾಕ್ತಿದ್ದೆ. ನನ್ನ ಅತ್ತೆ ಒಂದೇ ಮಾತು ಹೇಳಿದ್ದು: "ಇಪ್ಪದರ ಮಾಡು, ಇಲ್ಲದ್ದರ ಹುಡ್ಕೆಡ." ಇರುವುದನ್ನು ಮಾಡು, ಇಲ್ಲದ್ದನ್ನು ಹುಡುಕಬೇಡ ಎಂದು.

ಕುಂಬಳೆ ಕಡಲಬದಿ

ಅತ್ತೆ ಹೇಳಿದ ಕ್ರಮದ ಮಾತು ನಮ್ಮ ಮನೆಗೂ ಸರಿ. ನಮ್ಮದು ಮೀನಿನ ಮನೆ. ಈಗ ಟ್ರಾಲಿಂಗ್ ನಿಷೇಧ, ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ದೊಡ್ಡ ಬೋಟು ಕಡಲಿಗೆ ಇಳಿಯುವುದಿಲ್ಲ. ಸಣ್ಣ ದೋಣಿಯವರು ತಂದದ್ದು ಸಿಕ್ಕಿದರೆ ಸಿಕ್ಕಿತು. ಹಾಗಾಗಿ ಈ ಎರಡು ತಿಂಗಳು ಅಟ್ಟದ ಒಣಸಿಗಡಿಯೇ ಆಧಾರ.

ಬಸಳೆಗೂ ಒಣಸಿಗಡಿಗೂ ಜೋಡಿ. ಸಿಗಡಿಯ ತಲೆ ಬಾಲ ಮುರಿದು ಬಾಣಲೆಯಲ್ಲಿ ಬರೇ ಹುರಿದು ಎರಡು ಸಲ ತೊಳೆಯಿರಿ, ಮರಳು ಇರ್ತದೆ. ಬಸಳೆ ದಂಟು ಬೆರಳುದ್ದ ತುಂಡು ಮಾಡಿ ಮೊದಲು ಬೇಯಿಸಿ, ಎಲೆ ಆಮೇಲೆ. ಒಣಮೆಣಸು, ಕೊತ್ತಂಬರಿ, ಕಾಯಿ, ಹುಳಿ ಅರೆದು ಹಾಕಿ, ಸಿಗಡಿ ಸೇರಿಸಿ ಒಂದು ಕುದಿ. ಬೆಳ್ಳುಳ್ಳಿ ಒಗ್ಗರಣೆ. ಮೀನು ತಿನ್ನದವರು ಸಿಗಡಿಯ ಜಾಗದಲ್ಲಿ ನೆನೆಸಿದ ಅಲಸಂಡೆ ಬೀಜ ಅಥವಾ ಹಲಸಿನ ಬೇಳೆ ಹಾಕಬಹುದು. ಹಲಸಿನ ಬೇಳೆಯನ್ನು ಜಜ್ಜಿ ಹಾಕಬೇಕು, ಆಗ ಸಾರು ದಪ್ಪ ಬರ್ತದೆ.

ಹೊಸದುರ್ಗದ ಕೋಣೆಯಿಂದ

ನಾನು ಮುಳ್ಳೇರಿಯದವ, ಕೆಲಸದ ಮೇಲೆ ನಮ್ಮ ಕಾಸರಗೋಡು ಜಿಲ್ಲೆಯದೇ ಹೊಸದುರ್ಗದಲ್ಲಿ ಒಬ್ಬನೇ ಇದ್ದೇನೆ. ಒಂದು ಒಲೆ, ಒಂದು ಕುಕ್ಕರ್, ಒಂದು ಬಾಣಲೆ, ಸಣ್ಣ ಮಿಕ್ಸಿ. ತೆಂಗಿನಕಾಯಿಗೆ ಈಗ ಇರುವ ಬೆಲೆಗೆ ದಿನಾ ಕಾಯಿ ಅರೆಯಲು ನನ್ನಿಂದ ಆಗುವುದಿಲ್ಲ. ಕಾಯಿ ಇಲ್ಲದೆ ಈ ತರಕಾರಿಗಳನ್ನು ಎಂತ ಮಾಡಬಹುದು, ಅತ್ತೆ? ಇನ್ನೊಂದು, ಇಲ್ಲಿ ಶುಕ್ರವಾರ ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು ರಸ್ತೆ ಬದಿಯಲ್ಲಿ ಕೂತು ಸೊಪ್ಪು ಮಾರ್ತಾರೆ. ತಗಟೆ (ತಗಚೆ) ಸೊಪ್ಪು ಹತ್ತು ರೂಪಾಯಿಗೆ ಕಟ್ಟು ಸಿಕ್ಕಿತು. ತಂದೇನೋ ತಂದೆ, ಅದರ ಹಸಿ ವಾಸನೆ ಹೇಗೆ ಹೋಗಿಸುವುದು?

ಪೆರ್ಲದ ಅತ್ತೆ

ಬೋಳುಹುಳಿ ನಿನಗೆಂದೇ ಇರುವುದು ಮಗ. ಸೌತೆಯನ್ನು ಸಿಪ್ಪೆ ಸಹಿತ ದೊಡ್ಡ ಹೋಳು ಮಾಡು. ಹಸಿಮೆಣಸು ಸೀಳಿ ಹಾಕು, ಉಪ್ಪು, ಹುಳಿ, ಸಣ್ಣ ತುಂಡು ಬೆಲ್ಲ, ಮುಳುಗುವಷ್ಟು ನೀರು. ಹೋಳು ಬೆಂದು ಅಂಚು ಕನ್ನಡಿಯ ಹಾಗೆ ಕಂಡಾಗ ಇಳಿಸಿ, ಹತ್ತು ಎಸಳು ಬೆಳ್ಳುಳ್ಳಿ ಕೆಂಪಗಾಗುವಷ್ಟು ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಕೊಡು. ಕುಚ್ಚಿಲು ಅನ್ನದ ಗಂಜಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ಸೌತೆ ಕೊಯ್ದ ಕೂಡಲೇ ಎರಡೂ ತುದಿಯಿಂದ ಚೂರು ಬಾಯಿಗೆ ಹಾಕಿ ನೋಡು. ಕಹಿ ಇದ್ದರೆ ಪೂರ್ತಿ ಬಿಸಾಡು, ಬೇಯಿಸಿದರೆ ಹೋಗುವ ಕಹಿ ಅಲ್ಲ ಅದು, ಹೊಟ್ಟೆ ಕೆಡ್ತದೆ.

ತಗಟೆ ಸೊಪ್ಪು ಆಟಿ ತಿಂಗಳ (ಜುಲೈ–ಆಗಸ್ಟ್ ಮಳೆಗಾಲದ) ಸೊಪ್ಪು. ಚಿಗುರು ಮಾತ್ರ ತೆಗೆದುಕೋ. ಸಣ್ಣ ಹೆಚ್ಚಿ, ಹಲಸಿನ ಬೇಳೆಯ ಜೊತೆ ಪಲ್ಯ ಮಾಡಿದರೆ ವಾಸನೆ ತಿಳಿಯುವುದೇ ಇಲ್ಲ. ಬೇಳೆ ಇಲ್ಲದಿದ್ದರೆ ಅಕ್ಕಿ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟು.

ನೀರ್ಚಾಲು ಹಿತ್ತಿಲು

ವಿದ್ಯಾನಗರದ ಅಕ್ಕ, ಬುಟ್ಟಿ ತರುವವನು ನಾನೇ. ನನ್ನ ಮಗಳು ಈ ಚರ್ಚೆ ಓದಿ ಹೇಳಿದಳು. ಹರಿವೆ ಕೊಳೆತದ್ದರಲ್ಲಿ ನನ್ನ ತಪ್ಪೂ ಉಂಟು. ಆ ದಿನ ಕೊಯ್ದದ್ದು ಮಳೆ ನಿಲ್ಲುವ ಮೊದಲು, ನೀರು ಇಳಿಯಲು ಬಿಡದೆ ಕಟ್ಟಿದೆ. ಒದ್ದೆ ಸೊಪ್ಪು ಒಂದು ರಾತ್ರಿಗೇ ಬಾಡ್ತದೆ. ಇನ್ನು ಮುಂದೆ ಹಾಗಾಗದಂತೆ ಚಾವಡಿಯಲ್ಲಿ ಹರಡಿ ಆರಿಸಿ ತರ್ತೇನೆ. ನೀವೂ ಬಂದ ಕೂಡಲೇ ಬಾಳೆನಾರಿನ ಕಟ್ಟು ಬಿಚ್ಚಿ, ಹತ್ತಿ ಬಟ್ಟೆಯಲ್ಲಿ ಸಡಿಲ ಸುತ್ತಿ ಇಡಿ. ಹರಿವೆ ಮೊದಲು ಮುಗಿಸಿ, ಬಸಳೆ ಎರಡು ದಿನ ತಡೆಯುತ್ತದೆ, ಚೀನಿಕಾಯಿ ಕೊಯ್ದದ್ದು ಮೂರ್ನಾಲ್ಕು ದಿನ. ಸೌತೆಯ ಚಿಂತೆ ಬೇಡ. ನಮ್ಮ ಮನೆಯಲ್ಲಿ ಬೇಸಗೆಯಲ್ಲಿ ಕೊಯ್ದ ಸೌತೆಯನ್ನು ಬಾಳೆನಾರಿನಲ್ಲಿ ನೇಯ್ದು ಜಂತಿಗೆ ತೂಗಿಸಿರ್ತೇವೆ. ನಿಮಗೆ ಬಂದದ್ದು ವಿಷುವಿಗೆ ಮೊದಲು ಕೊಯ್ದದ್ದು. ಒಂದಕ್ಕೊಂದು ತಾಗದ ಹಾಗೆ ತೂಗಿದರೆ ಆಟಿ ಮುಗಿಯುವವರೆಗೂ ಬರ್ತದೆ.

ಮತ್ತೆ ಮತ್ತೆ ಸೌತೆ ಯಾಕೆ ಎಂದು ಕೆಲವರು ಕೇಳ್ತಾರೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಜುಲೈಯಲ್ಲಿ ಹೂ ನಿಲ್ಲುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆ ಈಗ ಬಳ್ಳಿಯಲ್ಲಿ, ಗಿಡದಲ್ಲಿ ಎದ್ದು ನಿಂತಿವೆ, ಚೌತಿ ಓಣಂ ಹೊತ್ತಿಗೆ ಒಟ್ಟಿಗೆ ಬರ್ತವೆ. ಅಲ್ಲಿವರೆಗೆ ಸೊಪ್ಪು, ಕಣಿಲೆ, ಅಟ್ಟದ ಸೌತೆ, ಕುಂಬಳ. ಚಳಿಗಾಲಕ್ಕೆ ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ, ಮರಗೆಣಸು. ಗದ್ದೆ ಕೊಯ್ಲಾದ ಮೇಲೆ ಅಲ್ಲೇ ಸಾಲು ಹಾಕಿ ಸೌತೆ, ಬದನೆ, ಹರಿವೆ, ಅಲಸಂಡೆ. ಆಗ ಮಳೆ ಇಲ್ಲ, ನಮ್ಮ ಗುಡ್ಡದ ಸುರಂಗದ ನೀರು ಟ್ಯಾಂಕಿಗೆ ಬಿದ್ದಷ್ಟೇ ನೆಡುವುದು. ನನ್ನ ಅಜ್ಜ ತೋಡಿಸಿದ ಸುರಂಗ, ಮುರಕಲ್ಲಿನ ಒಳಗೆ ಬಾಗಿ ಹೋಗಬೇಕು, ಏಪ್ರಿಲಿನಲ್ಲೂ ಬೆರಳು ದಪ್ಪ ನೀರು ಬರ್ತದೆ.

ಮುಂಗಡ ಹಣದ ವಿಷಯವನ್ನೂ ಹೇಳ್ತೇನೆ. ಚೌತಿಯ ಹಿಂದಿನ ದಿನ ಮುಳ್ಳುಸೌತೆಗೆ ಒಳ್ಳೆಯ ಬೆಲೆ, ಹಬ್ಬ ಕಳೆದ ಮರುದಿನ ಕೇಳುವವರಿಲ್ಲ. ಮೊದಲೆಲ್ಲ ಒಂದು ಅಂಗಡಿಗೆ ಕೊಡ್ತಿದ್ದೆ. ಬೆಳಿಗ್ಗೆ ಆರು ಗಂಟೆಗೆ ಬಸ್ಸಿನಲ್ಲಿ ಗೋಣಿ ಹೇರಿಕೊಂಡು ಹೋದರೆ "ಲೋರಿ ಬಂದಾಯಿತು, ಇವತ್ತು ಬೇಡ" ಎಂದದ್ದೂ ಉಂಟು. ನಿಮ್ಮ ಹನ್ನೊಂದು ಮನೆಯ ಹಣ ಮೊದಲೇ ಬಂದದ್ದರಿಂದ ಈ ಸಲ ಬೀಜಕ್ಕೆ, ಚಪ್ಪರಕ್ಕೆ ಸಾಲ ಮಾಡಲಿಲ್ಲ.

ಎಣ್ಮಕಜೆಯಿಂದ

ಅಣ್ಣ, ನಿಮ್ಮಂಥವರು ಇನ್ನೂ ಹತ್ತು ಜನ ಬೇಕು. ನಾನು ಪಡ್ರೆಯ ಹತ್ತಿರ ಹುಟ್ಟಿ ಬೆಳೆದವಳು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ದಿನಗಳು ನನಗೆ ನೆನಪಿವೆ. ಶಬ್ದ ಕೇಳಿದ ಕೂಡಲೇ ಅಮ್ಮ ನಮ್ಮನ್ನು ಒಳಗೆ ಕರೆದು, ಬಾವಿಗೆ ಮಡಲು ಮುಚ್ಚಿಸುತ್ತಿದ್ದರು. ಹಿತ್ತಿಲ ಬಸಳೆ ಚಪ್ಪರಕ್ಕೆ ಮುಚ್ಚಲು ಏನಿತ್ತು? ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದದ್ದು 2000ದ ಹೊತ್ತಿಗೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ತಡೆಯಿತು. ಅಷ್ಟರಲ್ಲಿ ಎಷ್ಟೋ ಮನೆಯ ಮಕ್ಕಳ ಬದುಕು ಹೋಗಿಯಾಗಿತ್ತು. ನಮ್ಮ ಮನೆಯಲ್ಲಿ ಈಗಲೂ ಸೊಪ್ಪು ಯಾರ ಹಿತ್ತಿಲದ್ದು ಎಂದು ಕೇಳದೆ ಅಮ್ಮ ಒಲೆಗೆ ಇಡುವುದಿಲ್ಲ. ಬೆಳೆದವರ ಮುಖ ಗೊತ್ತಿರುವ ಸೊಪ್ಪಿಗಾಗಿ ಅಡುಗೆಯ ಪಟ್ಟಿ ಬದಲಿಸಬೇಕಾದರೆ ನಾನು ಸಂತೋಷದಿಂದ ಬದಲಿಸ್ತೇನೆ.

ಕಣಿಲೆಯ ಬಗ್ಗೆ ಯಾರೂ ಹೇಳಲಿಲ್ಲ. ನಾವು ಒಂದು ರಾತ್ರಿ ನೆನೆಸ್ತೇವೆ, ಮರುದಿನ ಪಲ್ಯ. ಸಾಕಲ್ಲ?

ಪೆರ್ಲದ ಅತ್ತೆ

ಸಾಲದು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಉಂಟು. ಸಪೂರ ಬಿಲ್ಲೆ ಮಾಡಿ ಮೂರು ದಿನ ನೀರಿನಲ್ಲಿಟ್ಟು, ದಿನಕ್ಕೊಂದು ಸಲ ನೀರು ಬದಲಿಸಬೇಕು. ಆ ನೀರನ್ನು ದನಕ್ಕೂ ಕೊಡಬಾರದು.

ಕುಂಬಳೆ ಕಡಲಬದಿ

ಅವಸರ ಇದ್ದರೆ ತೆಳ್ಳಗೆ ಹೆಚ್ಚಿ, ಮುಚ್ಚಳ ಹಾಕದೆ ಧಾರಾಳ ನೀರಲ್ಲಿ ಇಪ್ಪತ್ತು ನಿಮಿಷ ಕುದಿಸಿ ಆ ನೀರು ಚೆಲ್ಲುವುದೂ ಉಂಟು. ನಾನು ಎರಡು ಸಲ ಹಾಗೆ ಮಾಡ್ತೇನೆ.

ಪೆರ್ಲದ ಅತ್ತೆ

ಹಾಗೆ ಮಾಡಿದರೂ ಆಗ್ತದೆ, ಒಪ್ಪುತ್ತೇನೆ. ಆದರೆ ಮೂರು ದಿನ ನೆನೆದ ಕಣಿಲೆಗೆ ಬರುವ ಸಣ್ಣ ಹುಳಿ ಅದಕ್ಕೆ ಬರುವುದಿಲ್ಲ. ಮೊಳಕೆ ಬಂದ ಹೆಸರಿನ ಜೊತೆ ಗಸಿ (ಗಟ್ಟಿ ಸಾರು) ಮಾಡುವವರಿಗೆ ಆ ಹುಳಿ ಬೇಕು. ಶನಿವಾರ ಬಂದ ಕಣಿಲೆಯನ್ನು ಅಂದೇ ನೀರಿಗೆ ಹಾಕಿದರೆ ಮಂಗಳವಾರದ ಅಡುಗೆ ತೀರ್ಮಾನವಾದ ಹಾಗೆ.

ಹೊಸದುರ್ಗದ ಕೋಣೆಯಿಂದ

ಬೋಳುಹುಳಿ ಆಯಿತು ಅತ್ತೆ. ಬೆಳ್ಳುಳ್ಳಿ ಸ್ವಲ್ಪ ಕರಟಿತು, ಆದರೂ ಎರಡು ಹೊತ್ತು ಅದರಲ್ಲೇ ಊಟ ಮಾಡಿದೆ. ಸೌತೆಯ ಒಳಗಿನ ತಿರುಳು, ಬೀಜ ಒಂದು ಪಾತ್ರೆಯಷ್ಟು ಉಳಿದಿದೆ. ಬಿಸಾಡಲು ಮನಸ್ಸು ಬರ್ತಾ ಇಲ್ಲ.

ನೀರ್ಚಾಲು ಹಿತ್ತಿಲು

ಬಿಸಾಡಬೇಡಿ. ನೆನೆಸಿದ ಬೆಳ್ತಿಗೆ ಅಕ್ಕಿಯ ಜೊತೆ ಆ ತಿರುಳು ಹಾಕಿ ನುಣ್ಣಗೆ ಅರೆದರೆ ನೀರು ಬೇರೆ ಸೇರಿಸುವುದೇ ಬೇಡ. ಕೂಡಲೇ ದೋಸೆ ಹೊಯ್ಯಬಹುದು, ಹುಳಿ ಬರಿಸಬೇಕಾಗಿಲ್ಲ. ಬೀಜ ಬಲಿತಿದ್ದರೆ ಮಾತ್ರ ಹಿಂಡಿ ತೆಗೆಯಿರಿ. ನನ್ನ ಹೆಂಡತಿ ಅದಕ್ಕೆ ಚೂರು ಶುಂಠಿ, ಹಸಿಮೆಣಸು ಕೊಚ್ಚಿ ಹಾಕ್ತಾಳೆ.

ಅಕ್ಕಿಯ ಮಾತು ಬಂದದ್ದಕ್ಕೆ ಹೇಳ್ತೇನೆ, ಬುಟ್ಟಿಯ ಜೊತೆ ರಾಜಕಯಮೆ ತಳಿಯ ಅಕ್ಕಿ ಬೇಕಾದವರಿಗೆ ಸ್ವಲ್ಪ ಕೊಡಬಹುದು. ನಮ್ಮ ಜಿಲ್ಲೆಯ ಬೇಳೇರಿಯ ಸತ್ಯನಾರಾಯಣ ಅವರಿಗೆ 2024ರಲ್ಲಿ ಪದ್ಮಶ್ರೀ ಬಂದದ್ದು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಕ್ಕೆ. ರಾಜಕಯಮೆ ಈ ಕಡೆ ಹರಡಿದ್ದರಲ್ಲಿ ಅವರ ಪಾಲು ದೊಡ್ಡದು. ಗಂಜಿಗೆ ಬಹಳ ಒಳ್ಳೆಯದು.

ವಿದ್ಯಾನಗರದ ಸೊಸೆ

ಎಲ್ಲರ ಮಾತೂ ಬರೆದಿಟ್ಟುಕೊಂಡೆ. ಇವತ್ತು ಶುಕ್ರವಾರ ರಾತ್ರಿ, ವಾರ ಹೇಗೆ ಕಳೆಯಿತು ಎಂದು ಹೇಳಿಬಿಡ್ತೇನೆ.

ಶನಿವಾರ ರಾತ್ರಿಯೇ ಹರಿವೆ ಪಲ್ಯ, ದಂಟು ಬೇರೆ ತೆಗೆದಿಟ್ಟು ಭಾನುವಾರ ಕೊದಿಲಿಗೆ ಹಾಕಿದೆ. ಕೊದಿಲು ಕೆಂಪಗೆ ಬಂತು, ಮಕ್ಕಳು ಬೀಟ್ರೂಟ್ ಎಂದುಕೊಂಡು ತಿಂದರು, ಆಮೇಲೆ ನಿಜ ಹೇಳಿದೆ. ಭಾನುವಾರ ಸಂಜೆ ಕೊಚ್ಚಿದ ಪತ್ರೊಡೆ. ಅಟ್ಟಿನಳಗೆ ಇಲ್ಲ, ಇಡ್ಲಿ ಪಾತ್ರೆಯಲ್ಲೇ ನೀರು ಎರಡು ಸಲ ತುಂಬಿಸಿ ಒಂದು ಗಂಟೆ ಇಟ್ಟೆ. ಮೊದಲ ತುಂಡು ನಾನು ತಿಂದು ಹತ್ತು ನಿಮಿಷ ಕಾದೆ. ತುರಿಸಲಿಲ್ಲ. ಸಣ್ಣವ ಮೊದಲು ಹತ್ತಿರ ಬರಲಿಲ್ಲ, ಸೋಮವಾರ ಬೆಲ್ಲ ಬೆರೆಸಿ ಒಗ್ಗರಣೆ ಕೊಟ್ಟ ಮೇಲೆ ಎರಡು ಸಲ ಹಾಕಿಸಿಕೊಂಡ. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು ಅತ್ತೆ.

ಸೋಮವಾರ ಮಧ್ಯಾಹ್ನ ಬಸಳೆಗೆ ಅಲಸಂಡೆಯನ್ನೇ ಮುರಿದು ಹಾಕಿದೆ, ಹಲಸಿನ ಬೇಳೆ ಇರಲಿಲ್ಲ. ಮಂಗಳವಾರ ಕಣಿಲೆ. ಬುಧವಾರ ಚೀನಿಕಾಯಿ ಮೇಲಾರ ಮಾಡಲು ಹೋಗಿ ಮಜ್ಜಿಗೆ ಹಾಕಿದ ಮೇಲೆ ಫೋನು ಬಂದು, ಜೋರು ಕುದ್ದು ಒಡೆಯಿತು. ರುಚಿ ಹಾಳಾಗಿರಲಿಲ್ಲ, ಆದರೆ ನೋಡಲು ಚಂದ ಇರಲಿಲ್ಲ. ಗುರುವಾರ ಅಂಬಟೆ ಸಾಸ್ಮೆ, ಇವತ್ತು ಸೌತೆ ಬೋಳುಹುಳಿ ಮತ್ತು ತಿರುಳಿನ ದೋಸೆ. ಇನ್ನೊಂದು ಸೌತೆಯನ್ನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸರಿಗೆಗೆ ಹಗ್ಗದಲ್ಲಿ ಕಟ್ಟಿ ತೂಗಿಸಿದ್ದೇನೆ. ಮಾರ್ಕೆಟಿಗೆ ಹೋದದ್ದು ಬೆಳ್ಳುಳ್ಳಿಗೆ ಮಾತ್ರ.

ಮೇಲಾರ ಒಡೆಯದಂತೆ ಎಂತ ಮಾಡಬೇಕು?

ಪೆರ್ಲದ ಅತ್ತೆ

ಅರೆದ ಕಾಯಿ ಹಾಕಿ ಮೊದಲು ಕುದಿಸಿಬಿಡು. ಮಜ್ಜಿಗೆಯನ್ನು ಕಡೆಯಲ್ಲಿ ಸೇರಿಸಿ, ಸೌಟಿನಲ್ಲಿ ತಿರುಗಿಸ್ತಾ ಇರು. ಅಂಚಿನಲ್ಲಿ ನೊರೆ ಏಳಲು ಶುರುವಾದ ಕೂಡಲೇ ಒಲೆ ಆರಿಸು. ಆ ಹೊತ್ತಿಗೆ ಫೋನು ಎತ್ತಬೇಡ. ಕಾಯಿಯ ಜೊತೆ ಒಂದು ಚಮಚ ನೆನೆಸಿದ ಅಕ್ಕಿ ಅರೆದರೆ ಇನ್ನೂ ಭದ್ರ.

ನೀರ್ಚಾಲು ಹಿತ್ತಿಲು

ನಾಳೆ ಒಂಬತ್ತು ಗಂಟೆಗೆ ಬರ್ತೇನೆ. ಮಾವಿನ ಮರದಲ್ಲಿ ಮರಕೆಸು (ಮರದ ಮೇಲೆ ಬೆಳೆಯುವ, ಪತ್ರೊಡೆಗೆ ಆಗುವ ಕೆಸು) ಒಳ್ಳೆ ಬಂದಿದೆ, ಹನ್ನೊಂದು ಮನೆಗೆ ಸಾಲದು, ಆರಕ್ಕೆ ಆದೀತು. ಬೇಕಾದವರು ಇವತ್ತು ರಾತ್ರಿಯೊಳಗೆ ತಿಳಿಸಿ. ಕಟ್ಟಲು ಬಾಳೆಲೆಯನ್ನೂ ಹಾಕ್ತೇನೆ.

ವಿದ್ಯಾನಗರದ ಸೊಸೆ

ನನಗೊಂದು ಪಾಲು ಇಡಿ ಅಣ್ಣ. ಅಕ್ಕಿ ಈಗಲೇ ನೆನೆಹಾಕ್ತೇನೆ.